ವಿಮಾನ ತಪ್ಪುವುದು ಟಿಕೆಟ್ ಕೊಳ್ಳುವ ದಿನವೇ

ನಡುವೆ ಒಂದು ಊರಲ್ಲಿ ಇಳಿದು ಇನ್ನೊಂದು ವಿಮಾನ ಹತ್ತುವ ಪ್ರಯಾಣಕ್ಕೆ ಟಿಕೆಟ್ ನೋಡುತ್ತಿದ್ದೀರಾ? ದರ, ಸೀಟು, ಊಟ ಎಲ್ಲ ಆಮೇಲೆ. ಮೊದಲು ಪುಟದ ಯಾವುದಾದರೂ ಮೂಲೆಯಲ್ಲಿ ‘ಸೆಲ್ಫ್ ಟ್ರಾನ್ಸ್‌ಫರ್’ ಎಂದು ಬರೆದಿದೆಯೇ ನೋಡಿ. ಪಟ್ಟಿಯ ತುದಿಯಲ್ಲಿ ಕಾಣುವ ಅಗ್ಗದ ಪ್ರಯಾಣ ಎಷ್ಟೋ ಸಲ ಒಂದು ಟಿಕೆಟ್ ಆಗಿರುವುದಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕಂಪನಿಗಳ ಎರಡು ಟಿಕೆಟ್‌ಗಳನ್ನು ವೆಬ್‌ಸೈಟ್ ಅಕ್ಕಪಕ್ಕ ಇಟ್ಟು ಒಂದೇ ಮೊತ್ತ ತೋರಿಸಿರುತ್ತದೆ. ಎಲ್ಲವೂ ಸಮಯಕ್ಕೆ ಸರಿಯಾಗಿ ನಡೆದರೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಮೊದಲ ವಿಮಾನ ಎರಡು ಗಂಟೆ ತಡವಾದ ದಿನ ಗೊತ್ತಾಗುತ್ತದೆ. ಮೊದಲ ಕಂಪನಿ, ಟಿಕೆಟ್‌ನಲ್ಲಿ ಬರೆದ ಊರಿಗೆ ನಿಮ್ಮನ್ನು ತಲುಪಿಸಿದ್ದೇವೆ ಎನ್ನುತ್ತದೆ. ಎರಡನೆಯ ಕಂಪನಿಯ ಲೆಕ್ಕದಲ್ಲಿ ನೀವು ಬರಲೇ ಇಲ್ಲ, ‘ನೋ-ಶೋ’. ಇಬ್ಬರದ್ದೂ ಕಾಗದದ ಪ್ರಕಾರ ಸರಿ. ಅಷ್ಟೇ ಅಲ್ಲ, ಟಿಕೆಟ್‌ನ ಒಂದು ಹಂತಕ್ಕೆ ಹಾಜರಾಗದಿದ್ದರೆ ಅದೇ ಟಿಕೆಟ್‌ನ ಮುಂದಿನ ಹಂತಗಳನ್ನೆಲ್ಲ ಬಹುತೇಕ ಕಂಪನಿಗಳು ರದ್ದು ಮಾಡುತ್ತವೆ. ಹೋಗುವ ವಿಮಾನ ತಪ್ಪಿದವರು ಬರುವ ಟಿಕೆಟನ್ನೂ ಕಳೆದುಕೊಳ್ಳುವುದು ಹೀಗೆ. ಎಲ್ಲ ಹಂತಗಳೂ ಒಂದೇ ಟಿಕೆಟ್‌ನಲ್ಲಿದ್ದರೆ ಕಥೆ ಬೇರೆ. ಕನೆಕ್ಷನ್ ತಪ್ಪಿದರೆ ಮುಂದಿನ ವಿಮಾನದಲ್ಲಿ ಕೂರಿಸುವುದು ಕಂಪನಿಯ ಹೊಣೆ, ನಿಮ್ಮ ಕೈಯಿಂದ ಹಣ ಹೋಗುವುದಿಲ್ಲ.

ಒಂದೇ ಟಿಕೆಟ್ ಎಂದು ಖಚಿತಪಡಿಸಿಕೊಳ್ಳಲು ಪಿಎನ್‌ಆರ್ ನೋಡಿದರೆ ಸಾಲದು. ಒಂದೇ ಪಿಎನ್‌ಆರ್‌ನೊಳಗೆ ಎರಡು ಬೇರೆ ಟಿಕೆಟ್‌ಗಳಿರಬಹುದು. ನೋಡಬೇಕಾದದ್ದು ಇ-ಟಿಕೆಟ್ ಸಂಖ್ಯೆ. ಅದು 13 ಅಂಕಿಗಳದ್ದು, ಮೊದಲ 3 ಅಂಕಿ ಟಿಕೆಟ್ ಕೊಟ್ಟ ವಿಮಾನ ಕಂಪನಿಯ ಗುರುತು. ಎಲ್ಲ ಹಂತಗಳಿಗೂ ಅದೇ ಸಂಖ್ಯೆ ಇದ್ದರೆ ನಿಶ್ಚಿಂತೆ. ಒಂದು ಸಂಖ್ಯೆಯಡಿ 4 ಹಾರಾಟಗಳಷ್ಟೇ ಹಿಡಿಯುವುದರಿಂದ, ಐದಾರು ಹಂತದ ಪ್ರಯಾಣಕ್ಕೆ ಅದರ ಮುಂದಿನ ಸಂಖ್ಯೆಯೂ ಸೇರಿರುತ್ತದೆ, ಅದಕ್ಕೆ ಗಾಬರಿ ಬೇಡ. ಸಂಖ್ಯೆಗಳು ಹೀಗೆ ಒಂದರ ಮುಂದೊಂದು ಇರದೆ ಬೇರೆ ಬೇರೆ ಇದ್ದರೆ, ಅದರಲ್ಲೂ ಮೊದಲ ಮೂರು ಅಂಕಿಗಳೇ ಬೇರೆ ಇದ್ದರೆ, ನಿಮ್ಮ ಕೈಲಿರುವುದು ಎರಡು ಟಿಕೆಟ್.

ಎರಡು ಟಿಕೆಟ್ ಪ್ರಯಾಣದ ದೊಡ್ಡ ಹೊಡೆತ ವೀಸಾದ್ದು. ಇದನ್ನು ಅನೇಕ ಬುಕಿಂಗ್ ಪುಟಗಳು ಎದ್ದು ಕಾಣುವಂತೆ ಹೇಳುವುದಿಲ್ಲ. ನಡುವಿನ ಊರಲ್ಲಿ ಲಗೇಜು ಬೆಲ್ಟ್‌ಗೆ ಬರುತ್ತದೆ. ಅದನ್ನು ತೆಗೆದುಕೊಳ್ಳಬೇಕಾದರೆ ಇಮಿಗ್ರೇಷನ್ ದಾಟಿ ಆ ದೇಶದೊಳಗೆ ಕಾಲಿಡಬೇಕು, ಮತ್ತೆ ಹೊರಗಿನಿಂದ ಬಂದು ಚೆಕ್-ಇನ್ ಮಾಡಬೇಕು. ಅಂದರೆ ಆ ದೇಶದೊಳಗೆ ಹೋಗಲು ನಿಮ್ಮ ಪಾಸ್‌ಪೋರ್ಟ್‌ಗೆ ವೀಸಾ ಬೇಕಿದ್ದರೆ, ವಿಮಾನ ಬದಲಿಸಲು ಮಾತ್ರ ಇಳಿದರೂ ಆ ಪ್ರವೇಶ ವೀಸಾ ಬೇಕು. ಸಮಸ್ಯೆ ಅಲ್ಲಿಗೆ ಹೋದ ಮೇಲೆ ಎದುರಾಗುತ್ತದೆಂದೂ ತಿಳಿಯಬೇಡಿ. ಮೊದಲ ಕಂಪನಿಯ ಕಂಪ್ಯೂಟರಿಗೆ ನಿಮ್ಮ ಕೊನೆಯ ನಿಲ್ದಾಣವೇ ಆ ನಡುವಿನ ಊರು. ವೀಸಾ ಇಲ್ಲದಿದ್ದರೆ ಹೊರಡುವ ಕೌಂಟರಿನಲ್ಲೇ ತಡೆಯುತ್ತಾರೆ. ಮುಂದಿನ ಟಿಕೆಟ್ ತೋರಿಸಿ ವಾದಿಸಿದರೂ ಅನೇಕ ಕಡೆ ಕೇಳುವುದಿಲ್ಲ, ಕೇಳಬೇಕೆಂಬ ಕಟ್ಟುಪಾಡೂ ಅವರಿಗಿಲ್ಲ.

ಉಳಿತಾಯ ದೊಡ್ಡದಿದ್ದು, ಹೀಗೇ ಹೋಗುವುದೆಂದು ತೀರ್ಮಾನಿಸಿದರೆ ಕೈಚೀಲ ಮಾತ್ರ ಒಯ್ಯಿರಿ, ನಡುವೆ ಕನಿಷ್ಠ 5 ಗಂಟೆ ಬಿಡಿ, ಎರಡನೆಯದು ಆ ದಿನದ ಕೊನೆಯ ವಿಮಾನ ಆಗಿರದಂತೆ ನೋಡಿಕೊಳ್ಳಿ. ಚೆಕ್-ಇನ್ ಲಗೇಜು ಇದ್ದರೆ ನಡುವೆ ಒಂದು ರಾತ್ರಿ ಉಳಿಯುವುದೇ ಮೇಲು. ಐದು ಗಂಟೆ ಕುರ್ಚಿಯಲ್ಲಿ ಕೂರುವುದು ಬೇಸರ ನಿಜ, ಆದರೆ ಗೇಟಿನಿಂದ ಗೇಟಿಗೆ ಓಡುವುದಕ್ಕಿಂತ ಎಷ್ಟೋ ಪಾಲು ವಾಸಿ.

ಒಂದೇ ಟಿಕೆಟ್‌ನಲ್ಲೂ ಕಡಿಮೆ ಅವಧಿಯ ಕನೆಕ್ಷನ್ ನಂಬಬಾರದು. ಪ್ರತಿ ನಿಲ್ದಾಣಕ್ಕೂ ‘ಮಿನಿಮಮ್ ಕನೆಕ್ಟಿಂಗ್ ಟೈಮ್’ ಎಂಬ ಲೆಕ್ಕ ಇರುತ್ತದೆ, ಅದಕ್ಕಿಂತ ಕಡಿಮೆ ಅಂತರದಲ್ಲಿ ಒಂದೇ ಟಿಕೆಟ್ ಮಾರುವುದಿಲ್ಲ. ಮಾರಿದ್ದಾರೆಂದರೆ ಆರಾಮವಾಗಿ ಸಿಗುತ್ತದೆ ಎಂದೇನೂ ಅಲ್ಲ. 60 ನಿಮಿಷದ ಕನೆಕ್ಷನ್ ತೆಗೆದುಕೊಳ್ಳಿ. ಮುಂದಿನ ಗೇಟು ಹೊರಡುವ ಸಮಯಕ್ಕೆ 15-20 ನಿಮಿಷ ಮೊದಲೇ ಮುಚ್ಚುತ್ತದೆ. ಹಿಂದಿನ ಸಾಲಿನಿಂದ ಇಳಿಯಲು ಹತ್ತು ನಿಮಿಷದ ಮೇಲೆ ಬೇಕು. ಉಳಿಯುವುದು ಅರ್ಧ ಗಂಟೆ, ಅದರಲ್ಲೇ ಸೆಕ್ಯುರಿಟಿ ತಪಾಸಣೆಯೂ ಆಗಬೇಕು. ಟರ್ಮಿನಲ್ ಬದಲಾಗದಿದ್ದರೂ 2 ಗಂಟೆಗಿಂತ ಕಡಿಮೆ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಟಿಕೆಟ್ ಕೊಳ್ಳುವಾಗಲೇ ಆಗುವ ಇನ್ನಷ್ಟು ತಪ್ಪುಗಳಿವೆ. 15ರ 00:30ಕ್ಕೆ ಹೊರಡುವ ವಿಮಾನಕ್ಕೆ ನಿಲ್ದಾಣದಲ್ಲಿರಬೇಕಾದದ್ದು 14ರ ರಾತ್ರಿ. 15ರ ರಾತ್ರಿ ಪೆಟ್ಟಿಗೆ ಸಮೇತ ಬಂದು ನಿಲ್ಲುವವರು ಇಂದಿಗೂ ಕಡಿಮೆಯಾಗಿಲ್ಲ. ಊರಿನ ಹೆಸರನ್ನು ನಂಬದೆ ಮೂರಕ್ಷರದ ಸಂಕೇತ ಓದಿ. ಎಸ್‌ಜೆಸಿ ಎಂದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ, ಎಸ್‌ಜೆಒ ಎಂದರೆ ಕೋಸ್ಟರಿಕಾದ ಸ್ಯಾನ್ ಹೊಸೆ. ಸಿಡ್ನಿ ಕೆನಡಾದಲ್ಲೂ ಇದೆ. ಟೋಕಿಯೊ, ಲಂಡನ್‌ಗಳಂಥ ಊರುಗಳಲ್ಲಿ ಇಳಿಯುವ ನಿಲ್ದಾಣ ಒಂದು, ಹತ್ತುವ ನಿಲ್ದಾಣ ಇನ್ನೊಂದು ಆಗಿರಬಹುದು. ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಇದ್ದರೆ, ಏನು ತುಂಬಬೇಕೆಂದು ಆ ಕಂಪನಿಯ ನಿಯಮ ಓದಿಯೇ ತುಂಬಿ. ಕೆಲವರು ಅದೇ ಹೆಸರನ್ನು ಎರಡು ಸಲ ಬರೆಯಲು ಹೇಳುತ್ತಾರೆ, ಕೆಲವರು ಬೇರೆ ಅಕ್ಷರ ಕೇಳುತ್ತಾರೆ.

ಏಜೆನ್ಸಿ ಮೂಲಕ ಕೊಂಡರೆ ಎರಡು ಪಿಎನ್‌ಆರ್ ಇರುತ್ತವೆ, ಏಜೆನ್ಸಿಯದ್ದು ಒಂದು, ವಿಮಾನ ಕಂಪನಿಯದ್ದು ಇನ್ನೊಂದು. ಕಂಪನಿಯದ್ದನ್ನು ಕೇಳಿ ಪಡೆದು, ಅವರ ಸೈಟಿನಲ್ಲೇ ಬುಕಿಂಗ್ ತೆರೆದು, ಸಂಪರ್ಕದ ಜಾಗದಲ್ಲಿ ಯಾರ ಫೋನ್, ಯಾರ ಇಮೇಲ್ ಇದೆ ನೋಡಿ. ಅನೇಕ ಏಜೆನ್ಸಿಗಳು ತಮ್ಮದನ್ನೇ ಹಾಕಿರುತ್ತವೆ. ಹಾಗಾದಾಗ ವೇಳೆ ಬದಲಾದ ಸುದ್ದಿ ನಿಮಗೆ ಬರುವುದೇ ಇಲ್ಲ. ಇನ್ನು ಸಹಾಯವಾಣಿ ಸಂಖ್ಯೆಯನ್ನು ಹುಡುಕು ಪುಟದಿಂದ ತೆಗೆದುಕೊಳ್ಳಲೇಬೇಡಿ. ವಿಮಾನ ಕಂಪನಿಯ ಹೆಸರಿನಲ್ಲಿ ಬೋಗಸ್ ಸಂಖ್ಯೆಗಳು ಅಲ್ಲಿ ಬೇಕಾದಷ್ಟಿವೆ, ‘ಬದಲಾವಣೆ ಶುಲ್ಕ’ ಎಂದು ಕಾರ್ಡ್ ವಿವರ ಕೇಳುತ್ತಾರೆ. ಕಂಪನಿಯ ಆ್ಯಪ್‌ನಲ್ಲೋ ಟಿಕೆಟ್‌ನಲ್ಲೋ ಇರುವ ಸಂಖ್ಯೆಗೆ ಮಾತ್ರ ಫೋನ್ ಮಾಡಿ.

ವೇಳೆ ಬದಲಾದಾಗ ಅನುಭವಿಗಳೂ ಎಡವುವ ಜಾಗ ಒಂದಿದೆ. ಕಂಪನಿ ಹೊಸ ವಿಮಾನ ಕೊಡುತ್ತದೆ, ನೀವು ‘ಒಪ್ಪಿದೆ’ ಒತ್ತುತ್ತೀರಿ, ಬುಕಿಂಗ್‌ನಲ್ಲಿ ಹೊಸ ವೇಳೆ ಕಾಣುತ್ತದೆ. ಆದರೆ ಬುಕಿಂಗ್ ಬೇರೆ, ಟಿಕೆಟ್ ಬೇರೆ. ಟಿಕೆಟ್ ಒಳಗೆ ಹಳೆಯ ವಿಮಾನವೇ ಉಳಿದುಬಿಟ್ಟರೆ ಚೆಕ್-ಇನ್ ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಬರುವುದಿಲ್ಲ. ಎರಡು ಕಂಪನಿಗಳು ಸೇರಿ ಹಾರಿಸುವ ಟಿಕೆಟ್‌ಗಳಲ್ಲಿ ಈ ಕಾಟ ಜಾಸ್ತಿ. ಬದಲಾವಣೆಯ ನಂತರ ಇ-ಟಿಕೆಟ್ ರಸೀದಿಯನ್ನು ಹೊಸದಾಗಿ ತರಿಸಿ, ಅದರಲ್ಲಿ ಹೊಸ ವಿಮಾನದ ಸಂಖ್ಯೆ ಇದೆಯೇ ಓದಿ. ಇಲ್ಲದಿದ್ದರೆ ಫೋನ್ ಮಾಡಿ, ‘ಟಿಕೆಟ್ ರೀಇಶ್ಯೂ ಆಗಿದೆಯೇ’ ಎಂದು ಇದೇ ಪದ ಬಳಸಿ ಕೇಳಿ. ‘ಬುಕಿಂಗ್ ಕನ್‌ಫರ್ಮ್ ಆಗಿದೆ’ ಎನ್ನುವುದು ಈ ಪ್ರಶ್ನೆಗೆ ಉತ್ತರವಲ್ಲ.

ಹೊರಡುವ ದಿನಕ್ಕೆ ಬೆಳಗಿನ ಮೊದಲ ವಿಮಾನವನ್ನೇ ಆರಿಸಿ. ನಿದ್ದೆಗೆಟ್ಟರೂ ಪರವಾಗಿಲ್ಲ. ಬಹುಪಾಲು ಅದರ ವಿಮಾನ ಹಿಂದಿನ ರಾತ್ರಿಯೇ ಬಂದು ನಿಂತಿರುತ್ತದೆ. ಸಂಜೆಯ ವಿಮಾನ ಅಷ್ಟು ಹೊತ್ತಿಗೆ ನಾಲ್ಕೈದು ಊರು ಸುತ್ತಿರುತ್ತದೆ, ಒಂದೊಂದು ಕಡೆಯ ತಡವೂ ಅದರ ಬೆನ್ನಿಗಿರುತ್ತದೆ. ಸಿಬ್ಬಂದಿಯ ಕೆಲಸದ ಅವಧಿಗೆ ಕಾನೂನಿನ ಮಿತಿಯೂ ಇದೆ. ಆ ಮಿತಿ ದಾಟುವಂತಾದರೆ, ವಿಮಾನ ಕಣ್ಣೆದುರೇ ನಿಂತಿದ್ದರೂ ಹಾರುವುದಿಲ್ಲ. ಫ್ಲೈಟ್‌ರಾಡಾರ್24ನಂಥ ಆ್ಯಪ್‌ನಲ್ಲಿ ನಿಮ್ಮ ವಿಮಾನ ಈಗ ಎಲ್ಲಿದೆ ಎಂದು ನೋಡಿ. ಅದು ಇನ್ನೂ ಬೇರೆ ಊರಿಂದ ಹೊರಟಿಲ್ಲದಿದ್ದರೆ, ಫಲಕದಲ್ಲಿ ‘ಆನ್ ಟೈಮ್’ ಎಂದಿದ್ದರೂ ನಿಮಗೆ ವಿಷಯ ಗೊತ್ತಾಯಿತು.

ರದ್ದಾದರೆ ಸಾಲಿನಲ್ಲಿ ನಿಲ್ಲಿ, ನಿಂತೇ ಫೋನ್ ಮಾಡಿ, ಆ್ಯಪ್ ತೆರೆದಿಡಿ, ಮೂರರಲ್ಲಿ ಯಾವುದು ಮೊದಲಾದರೆ ಅದು. ‘ಏನಾದರೂ ಮಾಡಿ’ ಎನ್ನುವ ಬದಲು, ಸೀಟು ಖಾಲಿಯಿರುವ ವಿಮಾನವನ್ನು ನೀವೇ ಹುಡುಕಿ ಅದರ ಸಂಖ್ಯೆ ಹೇಳಿ. ಕೌಂಟರಿನವರಿಗೆ ಒಂದು ನಿಮಿಷದ ಕೆಲಸ ಉಳಿಯಿತೆಂದರೆ ನಿಮ್ಮ ಕೆಲಸ ಆಗುತ್ತದೆ. ‘ರಿಫಂಡ್’ ಗುಂಡಿಯನ್ನು ಆತುರದಲ್ಲಿ ಒತ್ತಬೇಡಿ. ಹಣ ವಾಪಸ್ ಪಡೆದರೆ ನಿಮ್ಮನ್ನು ತಲುಪಿಸುವ ಅವರ ಹೊಣೆ ಅಲ್ಲಿಗೆ ಮುಗಿಯುತ್ತದೆ, ಅದೇ ದಿನ ಹೊಸ ಟಿಕೆಟ್ ಕೊಳ್ಳಲು ಆ ಹಣ ಸಾಲುವುದು ಅಪರೂಪ.

ಯುರೋಪಿಯನ್ ಒಕ್ಕೂಟದ ನಿಲ್ದಾಣದಿಂದ ಹೊರಡುವ ಯಾವುದೇ ವಿಮಾನಕ್ಕೂ, ಅಲ್ಲಿಗೆ ಬರುವ ಒಕ್ಕೂಟದ ಕಂಪನಿಗಳ ವಿಮಾನಕ್ಕೂ 2004ರ 261ನೇ ನಿಯಮ ಅನ್ವಯಿಸುತ್ತದೆ. ಕಂಪನಿಯ ಕಾರಣದಿಂದ 3 ಗಂಟೆ ಅಥವಾ ಹೆಚ್ಚು ತಡವಾಗಿ ತಲುಪಿದರೆ, ದೂರಕ್ಕೆ ತಕ್ಕಂತೆ 250ರಿಂದ 600 ಯೂರೋ ಪರಿಹಾರ ಕೇಳಬಹುದು. ಹವಾಮಾನದಂಥ ಕಾರಣಕ್ಕೆ ಹಣ ಸಿಗದು, ಆದರೆ ಊಟ, ತಂಗುವ ವ್ಯವಸ್ಥೆ ಆಗಲೂ ಕೊಡಬೇಕು. ಇಲ್ಲೂ ಟಿಕೆಟ್ ಮಾತೇ ಬರುತ್ತದೆ. ಒಂದೇ ಬುಕಿಂಗ್ ಆಗಿದ್ದರೆ ತಡವನ್ನು ಕೊನೆಯ ಊರಿಗೆ ತಲುಪಿದ ಸಮಯದಿಂದ ಅಳೆಯುತ್ತಾರೆ. ಎರಡು ಟಿಕೆಟ್ ಆದರೆ ಮೊದಲ ವಿಮಾನದ ನಲವತ್ತು ನಿಮಿಷದ ತಡ ಬರೀ ನಲವತ್ತು ನಿಮಿಷವೇ, ಅದರಿಂದ ನಿಮ್ಮ ಒಂದು ದಿನ ಹೋಗಿದ್ದರೂ.

ಈಗ ಲಗೇಜು. ಹಳೆಯ ಪ್ರಯಾಣದ ಟ್ಯಾಗು, ಸಣ್ಣ ಬಾರ್‌ಕೋಡ್ ಚೀಟಿಗಳನ್ನೆಲ್ಲ ಕಿತ್ತು ಹಾಕಿ. ಸ್ಕ್ಯಾನರ್ ಹಳೆಯದನ್ನು ಓದಿದರೆ ಪೆಟ್ಟಿಗೆ ದಾರಿ ತಪ್ಪುತ್ತದೆ. ಕೌಂಟರಿನಲ್ಲಿ ಹೊಸ ಟ್ಯಾಗ್ ಅಂಟಿಸಿದಾಗ ಬೆಲ್ಟ್ ಮೇಲೆ ಹೋಗುವ ಮುನ್ನ ಓದಿ, ದೊಡ್ಡ ಅಕ್ಷರದಲ್ಲಿರುವ ಮೂರಕ್ಷರ ನಿಮ್ಮ ಕೊನೆಯ ಊರಿನದೇ ಇರಬೇಕು. 10 ಅಂಕಿಯ ಸಂಖ್ಯೆಯಿರುವ ರಸೀದಿ ಚೂರನ್ನು ಫೋಟೊ ತೆಗೆಯಿರಿ, ಪೆಟ್ಟಿಗೆಯ ಹೊರಗಿನದ್ದೊಂದು, ತೆರೆದಿಟ್ಟಿದ್ದೊಂದು ಫೋಟೊ ಕೂಡ ಇರಲಿ.

ಇಷ್ಟರ ನಡುವೆ ಬಿಡಿಗಾಸಿನ ಖರ್ಚಿಲ್ಲದ ಒಂದು ಉಪಾಯವನ್ನು ಹೊಗಳಲೇಬೇಕು: ಪೆಟ್ಟಿಗೆಯೊಳಗೆ ಬಟ್ಟೆಗಳ ಮೇಲೆಯೇ ಇಡುವ ಒಂದು ಚೀಟಿ. ಹೆಸರು, ದೇಶದ ಸಂಕೇತ ಸಹಿತ ಫೋನ್, ಇಮೇಲ್, ಯಾವ ದಿನ ಯಾವ ಊರಲ್ಲಿರುತ್ತೀರಿ, ವಿಮಾನಗಳ ಸಂಖ್ಯೆ, ಇಷ್ಟೇ ಬರೆದರೆ ಸಾಕು. ಬೆಲ್ಟಿನ ಸಂದಿಗೆ ಸಿಕ್ಕಿ ಹೊರಗಿನ ಟ್ಯಾಗ್ ಹರಿದುಹೋದ ಪೆಟ್ಟಿಗೆಗೆ ಇದೊಂದೇ ಗುರುತು. ಹಾಗಾದಾಗ ಸಿಬ್ಬಂದಿ ಪೆಟ್ಟಿಗೆ ತೆರೆದು ಹುಡುಕುವುದು ಹೆಸರು, ವಿಳಾಸವನ್ನೇ. ಅದು ಸಿಗದಿದ್ದರೆ ಒಳಗಿನ ಸಾಮಾನು ಪಟ್ಟಿ ಮಾಡಿ ದೂರುಗಳ ಜೊತೆ ತಾಳೆ ಹಾಕುತ್ತಾರೆ. ಚಕ್ರವಿರುವ ಕಪ್ಪು ಪೆಟ್ಟಿಗೆ, ಒಳಗೆ ಬಟ್ಟೆ ಎಂದರೆ ಅಂಥವು ಸಾವಿರ ಇರುತ್ತವೆ. ಏರ್‌ಟ್ಯಾಗ್‌ನಂಥ ಟ್ರ್ಯಾಕರ್ ಕೂಡ ಒಳ್ಳೆಯದೇ, ಆದರೆ ಅದು ಪೆಟ್ಟಿಗೆ ಎಲ್ಲಿದೆ ಎಂದು ನಿಮಗೆ ಹೇಳುತ್ತದೆ. ಪೆಟ್ಟಿಗೆ ಯಾರದ್ದು ಎಂದು ಅವರಿಗೆ ಹೇಳುವುದು ಚೀಟಿ.

ಪೆಟ್ಟಿಗೆ ಬರದಿದ್ದರೆ, ಅಥವಾ ಚಕ್ರ ಮುರಿದು ಬಂದರೆ, ಆ ಹಾಲ್ ಬಿಟ್ಟು ಹೊರಬರುವ ಮುನ್ನವೇ ‘ಪಿಐಆರ್’ ಎಂಬ ವರದಿ ಬರೆಸಿ. ಸಾಮಾನ್ಯವಾಗಿ ಅದರ ಸಂಖ್ಯೆ 10 ಅಕ್ಷರ-ಅಂಕಿಗಳದ್ದು: ನಿಲ್ದಾಣದ 3 ಅಕ್ಷರ, ಕಂಪನಿಯ 2, ಮತ್ತೆ 5 ಅಂಕಿ. ಪಿಐಆರ್ ಬರೆಸಿದರೆ ಪರಿಹಾರ ಕೇಳಿದಂತಾಯಿತು ಎಂದು ಸುಮ್ಮನಾಗಬೇಡಿ, ಕಂಪನಿಗೆ ಲಿಖಿತ ದೂರು ಬೇರೆಯೇ ಕೊಡಿ. ಅಂತರರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದದ ಗಡುವುಗಳು ಕಟ್ಟುನಿಟ್ಟು. ಹಾನಿಯಾಗಿದ್ದರೆ ಕೈಗೆ ಬಂದ 7 ದಿನದೊಳಗೆ, ತಡವಾಗಿ ಬಂದಿದ್ದರೆ ಬಂದ 21 ದಿನದೊಳಗೆ ದೂರು ಹೋಗಬೇಕು. ಬರಬೇಕಿದ್ದ ದಿನದಿಂದ 21 ದಿನ ಕಳೆದರೂ ಬರದಿದ್ದರೆ ಕಳೆದುಹೋಯಿತೆಂದೇ ಲೆಕ್ಕ. ಕೋರ್ಟಿಗೆ ಹೋಗಲು 2 ವರ್ಷ. ಪರಿಹಾರದ ಮಿತಿ 2024ರ ಡಿಸೆಂಬರ್ 28ರಿಂದ ಒಬ್ಬ ಪ್ರಯಾಣಿಕರಿಗೆ 1,519 ಎಸ್‌ಡಿಆರ್, ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ. ಇದು ಗರಿಷ್ಠ ಮಿತಿ, ನಷ್ಟವನ್ನು ನೀವು ತೋರಿಸಿಕೊಡಬೇಕು. ಕಾಯುವ ದಿನಗಳಲ್ಲಿ ಕೊಂಡ ಬಟ್ಟೆ, ಸೋಪು, ಬ್ರಷ್‌ಗಳ ಬಿಲ್ಲು ಒಂದೂ ಬಿಡದೆ ಇಟ್ಟುಕೊಳ್ಳಿ. ಪರಿಹಾರದ ಮಿತಿಗಿಂತ ಬೆಲೆಬಾಳುವುದನ್ನು ಪೆಟ್ಟಿಗೆಗೆ ಹಾಕಲೇಬಾರದು. ಹಾಕಲೇಬೇಕಾದರೆ ಚೆಕ್-ಇನ್‌ನಲ್ಲೇ ಮೌಲ್ಯ ಘೋಷಿಸಿ, ಕಂಪನಿ ಕೇಳಿದರೆ ಹೆಚ್ಚುವರಿ ಶುಲ್ಕ ಕಟ್ಟಿದರೆ ಮಿತಿ ಏರುತ್ತದೆ.

ಕೈಚೀಲಕ್ಕೂ ಒಂದು ಅಪಾಯವಿದೆ. ಮೇಲಿನ ಗೂಡು ತುಂಬಿತೆಂದು ಗೇಟಿನಲ್ಲಿ ಅದನ್ನು ಇಸಿದುಕೊಂಡು ಕೆಳಗಿನ ಹೋಲ್ಡ್‌ಗೆ ಹಾಕುತ್ತಾರೆ. ಆ ಕ್ಷಣ ಮೊದಲು ಹೊರತೆಗೆಯಬೇಕಾದದ್ದು ಪವರ್ ಬ್ಯಾಂಕ್. ಬಿಡಿ ಲಿಥಿಯಂ ಬ್ಯಾಟರಿಗೆ ಹೋಲ್ಡ್‌ನಲ್ಲಿ ಬೆಂಕಿ ಹತ್ತಿದರೆ ನಂದಿಸಲು ಅಲ್ಲಿ ಯಾರೂ ಇರುವುದಿಲ್ಲ, ಅದಕ್ಕೇ ಅದು ಕ್ಯಾಬಿನ್‌ನಲ್ಲೇ ಇರಬೇಕೆಂಬ ನಿಯಮ. ಮಿತಿ 100 ವ್ಯಾಟ್-ಅವರ್. ಪವರ್ ಬ್ಯಾಂಕ್ ಮೇಲೆ ಬರೆದಿರುವ ಎಂಎಎಚ್ ಸಂಖ್ಯೆಯನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಲೆಕ್ಕ ಸಿಗುತ್ತದೆ. 20,000 ಎಂಎಎಚ್ ಎಂದರೆ 74, ಅದು ಸರಿ. 27,000ಕ್ಕೆ ಮಿತಿ ಮುಟ್ಟಿತು. 100ರಿಂದ 160ರವರೆಗೆ ಕಂಪನಿಯ ಅನುಮತಿ ಬೇಕು. ಮೈಮೇಲಿನ ಅಕ್ಷರ ಅಳಿಸಿಹೋಗಿದ್ದರೆ ಕಿತ್ತುಕೊಳ್ಳುತ್ತಾರೆ, ಹೊಸದನ್ನೇ ಒಯ್ಯಿರಿ. ಹಾರಾಟದಲ್ಲಿ ಅದನ್ನು ಬಳಸುವುದನ್ನೇ ಹಲವು ಕಂಪನಿಗಳು ಈಗ ನಿಷೇಧಿಸಿವೆ. ಪಾಸ್‌ಪೋರ್ಟ್, ಔಷಧಿ, ಮನೆ ಕೀಲಿ ಕೂಡ ಒಂದು ಸಣ್ಣ ಚೀಲದಲ್ಲಿ ಒಟ್ಟಿಗಿರಲಿ, ಎಳೆದರೆ ಒಂದೇ ಸಲಕ್ಕೆ ಕೈಗೆ ಬರುವಂತೆ.

ಮೈಲ್ಸ್, ಅಂದರೆ ಹಾರಿದ್ದಕ್ಕೆ ವಿಮಾನ ಕಂಪನಿ ಕೊಡುವ ಪಾಯಿಂಟ್, ಕೂಡಿಸುವವರಿಗೆ ಎರಡು ಮಾತು. ಎಷ್ಟು ಮೈಲ್ಸ್ ಬರುತ್ತದೆನ್ನುವುದು ಅನೇಕ ಕಾರ್ಯಕ್ರಮಗಳಲ್ಲಿ ಟಿಕೆಟ್‌ನ ದರ್ಜೆಯ ಅಕ್ಷರದ ಮೇಲೆ ನಿಂತಿರುತ್ತದೆ, ಅಗ್ಗದ ಅಕ್ಷರಗಳಿಗೆ ಪಾಲುದಾರ ಕಂಪನಿಯ ವಿಮಾನದಲ್ಲಿ ಏನೂ ಸಿಗದೇ ಇರಬಹುದು. ಕೊಳ್ಳುವ ಮೊದಲೇ ನೋಡಿ. ಇನ್ನು ರದ್ದಾದ ಕಾರಣ ನಿಮ್ಮನ್ನು ಬೇರೆ ಕಂಪನಿಯ ವಿಮಾನಕ್ಕೆ ಹತ್ತಿಸಿದರೆ ಮೈಲ್ಸ್ ತಾನಾಗಿ ಬರುವುದು ಕಡಿಮೆ. ಮೊದಲು ಟಿಕೆಟ್ ಕೊಟ್ಟ ಕಂಪನಿಗೆ ಬರೆದು ‘ಒರಿಜಿನಲ್ ರೂಟಿಂಗ್ ಕ್ರೆಡಿಟ್’, ಅಂದರೆ ಮೊದಲು ಕೊಂಡ ಪ್ರಯಾಣದ ಮೈಲ್ಸ್, ಕೊಡಿ ಎಂದು ಕೇಳಿ, ಹಳೆಯ ಟಿಕೆಟ್ ರಸೀದಿಯನ್ನೂ ಹೊಸ ಬೋರ್ಡಿಂಗ್ ಪಾಸನ್ನೂ ಜೊತೆಗಿಡಿ. ಖಾತೆಗೆ ಮೈಲ್ಸ್ ಬರುವ ತನಕ ಬೋರ್ಡಿಂಗ್ ಪಾಸ್ ಎಸೆಯಬೇಡಿ.