ಅಂಗ್ಕೋರ್‌ನ ಬೂದುಗಲ್ಲು ಯಾವ ಗಣಿಯದು?

ಹಳೆಯ ಕಟ್ಟಡಗಳ ಕಲ್ಲು ಎಲ್ಲಿಂದ ಬಂತೆಂದು ಪತ್ತೆ ಮಾಡುವುದು ಭೂವಿಜ್ಞಾನಿಯಾಗಿ ನನ್ನ ಕೆಲಸದ ಮುಖ್ಯ ಭಾಗ. ಒಂದು ಕಲ್ಲನ್ನು ಎಷ್ಟೇ ಸೂಕ್ಷ್ಮವಾಗಿ ಪರೀಕ್ಷಿಸಿದರೂ ದೊರೆಯದ ಉತ್ತರ ಗೋಡೆಯ ಹತ್ತಾರು ಕಲ್ಲುಗಳ ಸರಾಸರಿಯಲ್ಲಿ ದೊರೆಯಬಹುದೆಂಬುದನ್ನು ನಾನು ಕಲಿತದ್ದು ಕಾಂಬೋಡಿಯಾದ ಖ್ಮೇರ್ ದೇಗುಲಗಳಲ್ಲಿ.

ಅಂಗ್ಕೋರ್ ವಾಟ್, ಬಾಯೊನ್, ತಾ ಪ್ರೋಮ್ ಮೊದಲಾದವುಗಳಲ್ಲಿ ಹೆಚ್ಚಾಗಿ ಕಾಣುವುದು ಬೂದು ಅಥವಾ ಹಳದಿ ಮಿಶ್ರಿತ ಕಂದು ಬಣ್ಣದ ಮರಳುಗಲ್ಲು. ಇದು ಅಂಗ್ಕೋರ್‌ನ ಈಶಾನ್ಯಕ್ಕಿರುವ ಕುಲೇನ್ ಬೆಟ್ಟದ ತಪ್ಪಲಿನದು. ಆದರೆ ಯಾವ ದೇಗುಲಕ್ಕೆ ಯಾವ ಗಣಿಯಿಂದ ಬಂತು ಎಂದು ಕೇಳಿದರೆ ಸೂಕ್ಷ್ಮದರ್ಶಕ ಕೈಚೆಲ್ಲುತ್ತದೆ. ಕಲ್ಲನ್ನು 0.03 ಮಿಲಿಮೀಟರ್ ದಪ್ಪಕ್ಕೆ ಅರೆದು ನೋಡಿದಾಗ ಎಲ್ಲ ಕಡೆಯೂ ಕ್ವಾರ್ಟ್ಸ್, ಫೆಲ್ಡ್‌ಸ್ಪಾರ್ ಮತ್ತು ಶಿಲಾಚೂರುಗಳೇ ಕಾಣಿಸುತ್ತವೆ. ರಾಸಾಯನಿಕ ವಿಶ್ಲೇಷಣೆಯಲ್ಲೂ ಗಮನಾರ್ಹ ವ್ಯತ್ಯಾಸವಿಲ್ಲ.

ದಾರಿ ತೋರಿದ್ದು ಕಾಂತೀಯತೆ. ಹೊರಗಿನ ಕಾಂತಕ್ಷೇತ್ರಕ್ಕೆ ಕಲ್ಲು ಎಷ್ಟು ಸ್ಪಂದಿಸುತ್ತದೆ ಎಂಬುದನ್ನು ಕೈಯಲ್ಲಿ ಹಿಡಿಯುವ ಪುಟ್ಟ ಮಾಪಕವೇ ಅಳೆಯುತ್ತದೆ, ಒಂದು ಚೂರನ್ನೂ ಒಡೆಯಬೇಕಿಲ್ಲ. ಈ ಸ್ಪಂದನ ಮುಖ್ಯವಾಗಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಅಲ್ಪ ಪ್ರಮಾಣವನ್ನು ಅವಲಂಬಿಸಿದ್ದು, ಪಕ್ಕಪಕ್ಕದ ಎರಡು ಕಲ್ಲುಗಳಲ್ಲೇ ಬಹಳ ಬದಲಾಗಬಹುದಾದ್ದರಿಂದ ಬಿಡಿ ಅಳತೆಗೆ ಅರ್ಥವಿಲ್ಲ. ಹಲವು ಕಲ್ಲುಗಳ ಸರಾಸರಿ ತೆಗೆದಾಗ ಮಾತ್ರ ಕಟ್ಟಡದ ಒಂದೊಂದು ಹಂತವೂ ಬೇರೆಬೇರೆಯಾಗಿ ನಿಲ್ಲುತ್ತದೆ. ಜಪಾನಿನ ವಸೇದಾ ವಿಶ್ವವಿದ್ಯಾಲಯದ ಎತ್ಸುವೊ ಉಚಿದಾ ಮತ್ತು ಸಂಗಡಿಗರು ಹೀಗೆಯೇ ಏಳನೇ ಜಯವರ್ಮನ ಕಾಲದ ತಾ ಪ್ರೋಮ್, ಪ್ರೇಅ ಖಾನ್, ಬಾಯೊನ್‌ಗಳ ನಿರ್ಮಾಣದ ಹಂತಗಳನ್ನು ಪರಸ್ಪರ ಹೋಲಿಸಿ, ಅದೇ ಅಳತೆಯನ್ನು ಗಣಿಗಳಿಗೂ ಅನ್ವಯಿಸಿದರು.

ಅಳೆಯುವುದು ಸುಲಭ, ಎಲ್ಲಿ ಅಳೆಯಬೇಕೆಂದು ತೀರ್ಮಾನಿಸುವುದೇ ಕಷ್ಟ. ಮಾಪಕವನ್ನು ಕಲ್ಲಿನ ಸಮತಟ್ಟಾದ ಮುಖಕ್ಕೆ ಒತ್ತಿ ಹಿಡಿಯಬೇಕು. ಕೆತ್ತನೆಯ ಏರುತಗ್ಗಿನಿಂದಾಗಿ ನಡುವೆ ಸಂದು ಉಳಿದರೆ ಅಂಕಿ ಇಳಿಯುತ್ತದೆ. ಹಳೆಯ ಕಬ್ಬಿಣದ ಪಟ್ಟಿಯಾಗಲಿ, ಇಪ್ಪತ್ತನೇ ಶತಮಾನದ ದುರಸ್ತಿಯ ಕಾಂಕ್ರೀಟ್ ಕಂಬದೊಳಗಿನ ಸರಳಾಗಲಿ ಸಮೀಪದಲ್ಲಿದ್ದರೆ ಅಂಕಿ ಏರುತ್ತದೆ. ಮರುಬಳಕೆಯ ಕಲ್ಲು ಇನ್ನೂ ದೊಡ್ಡ ತೊಡಕು: ಬಾಫುವೊನ್‌ನ ಪಶ್ಚಿಮ ಭಾಗದ ಮಲಗಿದ ಬುದ್ಧನನ್ನು ಅದೇ ದೇಗುಲದಿಂದ ಬಿಚ್ಚಿದ ಕಲ್ಲುಗಳಿಂದ ಕಟ್ಟಿದ್ದು, ಅವುಗಳ ಸರಾಸರಿ ಗಣಿಯನ್ನು ಸೂಚಿಸಿದರೂ ಬುದ್ಧನ ಕಾಲವನ್ನು ಸೂಚಿಸುವುದಿಲ್ಲ. ಆದ್ದರಿಂದ ಮಾಪಕ ತೆಗೆಯುವ ಮುನ್ನ ದುರಸ್ತಿಯ ಕಡತಗಳನ್ನು ಓದಬೇಕೆಂದು ಹೊಸಬರಿಗೆ ನಾನು ಒತ್ತಾಯಿಸುತ್ತೇನೆ. ಅವರಿಗೆ ಅದು ಬೇಸರದ ಕೆಲಸವೆನಿಸುವುದೂ ನನಗೆ ಗೊತ್ತು.

ಗಣಿಗಳ ಶೋಧ ಸಾಗಣೆಯ ಪ್ರಶ್ನೆಯನ್ನೂ ಬದಲಿಸಿತು. ಕಲ್ಲು ಟೋನ್ಲೆ ಸಾಪ್ ಸರೋವರವನ್ನು ಬಳಸಿಕೊಂಡು ಸುಮಾರು 90 ಕಿಲೋಮೀಟರ್ ಸುತ್ತಿ ಬಂತೆಂಬ ಊಹೆಯಿತ್ತು. ತಪ್ಪಲಿನಲ್ಲಿ 50ಕ್ಕೂ ಹೆಚ್ಚು ಗಣಿಗಳನ್ನು ಗುರುತಿಸಿದ ಉಚಿದಾ ಮತ್ತು ಶಿಮೊಡಾ, ಸುಮಾರು 34 ಕಿಲೋಮೀಟರ್‌ಗಳ ಕಾಲುವೆ ಮಾರ್ಗವನ್ನು 2012ರಲ್ಲಿ ಮುಂದಿಟ್ಟರು. ಲಕ್ಷಾಂತರ ಕಲ್ಲು ಸಾಗಿಸಬೇಕಾದವರು ಹತ್ತಿರದ ನೀರುದಾರಿಯನ್ನೇ ಆರಿಸಿಕೊಂಡಿರುತ್ತಾರೆ ಎಂಬುದು ನನಗೂ ಹೆಚ್ಚು ಒಪ್ಪುವ ವಾದ.

967ರಲ್ಲಿ ಪ್ರತಿಷ್ಠಾಪನೆಯಾದ ಬಂತೇ ಸ್ರೇಯ್‌ನ ಕೆಂಗಲ್ಲಿಗೂ ತಾ ಕೇವ್‌ನ ಹಸಿರುಛಾಯೆಯ ಗಟ್ಟಿ ಕಲ್ಲಿಗೂ ಈ ಕಾಂತೀಯ ಅಂಕಿಗಳನ್ನು ಹಾಗೆಯೇ ಹೊಂದಿಸಲಾಗದು. ಅವು ಬೇರೆಯೇ ಬಗೆಯ ಶಿಲೆಗಳಾದ್ದರಿಂದ, ಅಲ್ಲಿ ಮತ್ತೆ ಸೂಕ್ಷ್ಮದರ್ಶಕದಿಂದಲೇ ಕೆಲಸ ಆರಂಭಿಸಬೇಕಾಗುತ್ತದೆ.