ಊರಲ್ಲೇ ಉಳಿದ ಮೈಕ್

ಹುಬ್ಬಳ್ಳಿ, 8 ಸೆಪ್ಟೆಂಬರ್ 2019, ರವಿವಾರ

ನಿನ್ನೆ ನೋಡಿದ ಹಾರರ್ ಸಿನಿಮಾದ ಪೆನ್ನಿವೈಸ್ ಎಂಬ ಆ ಜೋಕರ್ ನನ್ನನ್ನು ಹೆದರಿಸಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ನಾಳೆ ಆಫೀಸಿನಲ್ಲಿ ಎಲ್ಲರೂ ಕೇಳುವುದು ಅದನ್ನೇ.

‘ಇಟ್ ಚಾಪ್ಟರ್ ಟೂ’ ಶುಕ್ರವಾರ ಬಂತು. ನಿನ್ನೆ ಮಧ್ಯಾಹ್ನದ ಆಟಕ್ಕೆ ಗೋಕುಲ ರೋಡಿಗೆ ಹೋದೆವು. ಗಣಪತಿಗೆಂದು ಬಂದ ಹಳೆಯ ಗೆಳೆಯರಿಬ್ಬರು ಇನ್ನೂ ಇಲ್ಲೇ ಇದ್ದಾರೆ. ಒಬ್ಬ ಪುಣೆಯವನು, ಒಬ್ಬ ಬೆಂಗಳೂರಿನವನು. ಮೂವರೂ ಗದಗ ಕಡೆಯ ಒಂದೇ ಹಳ್ಳಿಯಲ್ಲಿ ಬೆಳೆದವರು. ಹಿಂದಿನ ರಾತ್ರಿ ಚಂದ್ರಯಾನದ ವಿಕ್ರಮ್ ಇಳಿಯುವುದನ್ನು ನೋಡಲು ಟಿವಿ ಮುಂದೆ ಕೂತು ನಿದ್ದೆ ಕೆಟ್ಟಿದ್ದೆವು. ಅದರ ಮೇಲೆ 169 ನಿಮಿಷದ ಸಿನಿಮಾ. ಪುಣೆಯವನು ನಡುವೆ ಗೊರಕೆ ಹೊಡೆದ. ಹಾರರ್ ಸಿನಿಮಾದಲ್ಲಿ!

2017ರಲ್ಲಿ ಬಂದ ಮೊದಲ ಭಾಗದಲ್ಲಿ ಇವರೆಲ್ಲ ಹುಡುಗರು. ಅಮೆರಿಕದ ಮೇನ್ ರಾಜ್ಯದಲ್ಲಿ ಡೆರ್ರಿ ಎಂಬ ಊರು. ಸ್ಟೀಫನ್ ಕಿಂಗ್ 1986ರ ಕಾದಂಬರಿಗೆ ಬಳಸಿಕೊಂಡ ಕಲ್ಪನೆಯ ಊರು ಅದು. ಅಲ್ಲಿ 27 ವರ್ಷಕ್ಕೊಮ್ಮೆ ಏನೋ ಒಂದು ಏಳುತ್ತದೆ, ಜೋಕರ್ ರೂಪದಲ್ಲಿ ಬಂದು ಮಕ್ಕಳನ್ನು ತಿನ್ನುತ್ತದೆ. 1989ರ ಬೇಸಿಗೆಯಲ್ಲಿ ಈ ಹುಡುಗರು ಅದನ್ನು ಹೊಡೆದು ಓಡಿಸುತ್ತಾರೆ. ಈಗ ಅವರಿಗೆ ನಲವತ್ತರ ಆಸುಪಾಸು. ಬೇರೆ ಬೇರೆ ಊರು, ಒಳ್ಳೆ ಸಂಬಳ. ಹಳೆಯದೆಲ್ಲ ಮರೆತೇ ಹೋಗಿದೆ. ಡೆರ್ರಿ ಬಿಟ್ಟವರಿಗೆ ಡೆರ್ರಿ ನೆನಪಿರುವುದಿಲ್ಲ, ಅದು ಆ ಊರಿನ ಗುಣ. ಮೈಕ್ ಮಾತ್ರ ಅಲ್ಲೇ ಉಳಿದಿದ್ದಾನೆ. ಲೈಬ್ರರಿಯಲ್ಲಿ ಕೆಲಸ, ಅದರ ಮಹಡಿ ಮೇಲೆಯೇ ವಾಸ. ಅವನಿಗೆ ಎಲ್ಲ ನೆನಪಿದೆ. ಒಂದು ದಿನ ಒಬ್ಬೊಬ್ಬರಿಗೂ ಫೋನು ಮಾಡುತ್ತಾನೆ.

ಆ ಫೋನಿನ ಭಾಗ ನನಗೆ ಬಹಳ ಹಿಡಿಸಿತು. ಎಡ್ಡಿ ಕಾರನ್ನು ಗುದ್ದಿಸುತ್ತಾನೆ. ರಿಚಿ ವಾಂತಿ ಮಾಡಿಕೊಳ್ಳುತ್ತಾನೆ. ಯಾಕೆ ಅಂತ ಅವರಿಗೇ ಗೊತ್ತಿಲ್ಲ. ತಲೆಗೆ ನೆನಪು ಬರುವ ಮೊದಲೇ ಮೈಗೆ ಗೊತ್ತಾಗಿಬಿಡುತ್ತದೆ. ಸ್ಟ್ಯಾನ್ಲಿ ಮಾತ್ರ ಬರುವುದೇ ಇಲ್ಲ, ಆ ದುಃಖ ಸಿನಿಮಾ ಪೂರ್ತಿ ಜೊತೆಗಿರುತ್ತದೆ. ನಟರಲ್ಲಿ ಜೇಮ್ಸ್ ಮ್ಯಾಕವಾಯ್, ಜೆಸಿಕಾ ಚಾಸ್ಟೈನ್ ದೊಡ್ಡ ಹೆಸರು. ಆದರೆ ರಿಚಿಯಾಗಿ ಮಾಡಿದ ಬಿಲ್ ಹೇಡರ್ ಎಲ್ಲರನ್ನೂ ಹಿಂದೆ ಹಾಕಿದ್ದಾನೆ.

ನಿಜವಾಗಿ ಹೆದರಿಕೆ ಆಗಿದ್ದು ಮೊದಲ ದೃಶ್ಯಕ್ಕೆ. ಜಾತ್ರೆಯಂಥ ಕಡೆ ಕೈ ಕೈ ಹಿಡಿದು ತಿರುಗುವ ಇಬ್ಬರು ಗಂಡು ಪ್ರೇಮಿಗಳು. ನಾಲ್ಕಾರು ಹುಡುಗರು ಸುಮ್ನೆ ಅವರ ಮೇಲೆ ಬಿದ್ದು ಹೊಡೆದು, ಒಬ್ಬನನ್ನು ಸೇತುವೆಯಿಂದ ಹೊಳೆಗೆ ಎಸೆಯುತ್ತಾರೆ. ಮೇನ್‌ನ ಬ್ಯಾಂಗರ್ ಊರಿನಲ್ಲಿ 1984ರಲ್ಲಿ ನಡೆದ ನಿಜವಾದ ಕೊಲೆಯಿಂದ ಕಿಂಗ್ ಇದನ್ನು ತೆಗೆದುಕೊಂಡಿದ್ದು. ಜೋಕರ್ ಬರುವುದು ಆಮೇಲೆ. ಅಷ್ಟೊತ್ತಿಗೆ ಮನುಷ್ಯರು ಅವನ ಕೆಲಸ ಮುಗಿಸಿರುತ್ತಾರೆ.

ನಡುವಿನ ಒಂದು ತಾಸು ಎಳೆದಾಟ. ಒಬ್ಬೊಬ್ಬರೇ ಹೋಗುವುದು, ಒಂದೊಂದು ಹಳೆಯ ವಸ್ತು ಹುಡುಕುವುದು, ಒಂದೊಂದು ದೆವ್ವ ನೋಡುವುದು. ನಿರ್ದೇಶಕ ಆಂಡಿ ಮುಸ್ಕಿಯೆಟ್ಟಿಗೆ ಕತ್ತರಿ ಹಾಕಲು ಮನಸ್ಸಾಗಿಲ್ಲ. ಕಿಂಗ್ ಸ್ವತಃ ಹಳೇ ಸಾಮಾನಿನ ಅಂಗಡಿಯ ಮುದುಕನಾಗಿ ಬಂದು, ಗೆಳೆಯರಲ್ಲಿ ಲೇಖಕನಾದ ಬಿಲ್‌ಗೆ ‘ನಿನ್ನ ಪುಸ್ತಕದ ಕೊನೆ ಸರಿ ಇಲ್ಲ’ ಎಂಬ ಅರ್ಥದಲ್ಲಿ ಚುಚ್ಚಿದಾಗ ಮಾತ್ರ ನಕ್ಕೆ.

ಹೊರಗೆ ಬಂದರೆ ಜಿಟಿಜಿಟಿ ಮಳೆ. ಜೋಕರ್ ಗಟಾರದಲ್ಲಿ ಇರುವವನಲ್ವಾ, ಬೆಂಗಳೂರಿನವನು ರಸ್ತೆ ಪಕ್ಕ ಬಗ್ಗಿ ನೋಡಿ ಅಂದ: “ನಮ್ಮ ಗಟಾರದಾಗ ಅವಂಗ ಕುಂದ್ರಾಕ ಜಾಗಾ ಎಲ್ಲೈತಲೇ? ಪೂರ್ತಿ ಹೂಳ ತುಂಬೇತಿ.”

ಗಿರ್ಮಿಟ್, ಮಿರ್ಚಿ ತಿನ್ನುತ್ತಾ ನಾನು ಕೇಳಿದೆ, “ಅಳ್ಳೊಳ್ಳಿ ಬವ್ವಾ ನೆನಪೈತೇನ್ರಲೇ?”

ಈ ವರ್ಷ ಗಣಪತಿ, ಮೊಹರಂ ಎರಡೂ ಕೂಡಿಯೇ ಬಂದಿವೆ. ಮಂಗಳವಾರ ಮೊಹರಂ ದೇವರು ಹೊಳೆಗೆ ಹೋಗುತ್ತವೆ. ನಮ್ಮೂರಲ್ಲಿ ಮೊಹರಂ ಎಲ್ಲ ಜಾತಿಯವರ ಹಬ್ಬ. ಅಲಾಯಿ ಕುಣಿಯ, ಅಂದರೆ ಬೆಂಕಿ ಗುಂಡಿಯ, ಸುತ್ತ ಹೆಜ್ಜೆ ಹಾಕುವವರು, ಹುಲಿ ವೇಷದವರು, ಹರಕೆ ಹೊತ್ತು ಫಕೀರರಾದವರು. ಅವರ ನಡುವೆ ಮೈಗೆಲ್ಲ ಮಸಿ ಬಳಿದುಕೊಂಡು, ಸೊಂಟಕ್ಕೆ ಗಂಟೆ ಕಟ್ಟಿಕೊಂಡು ಬವ್ವಾ ಬರುತ್ತಿದ್ದ. ದೊಡ್ಡವರಿಗೆ ನಗು, ನಮಗೆ ಜೀವ ಹೋಗುವಷ್ಟು ಭಯ. ಗಂಟೆ ಕೇಳಿದರೆ ನಾನು ಜೋಳದ ಚೀಲಗಳ ಸಂದಿಗೆ ಸೇರಿಬಿಡುತ್ತಿದ್ದೆ.

“ಯಾವ ಬವ್ವಾಲೇ? ನನಗ ನೆನಪಿಲ್ಲ,” ಅಂದ ಪುಣೆಯವನು. ಎಲ್ಲರಿಗಿಂತ ಜಾಸ್ತಿ ಹೆದರುತ್ತಿದ್ದವನೇ ಅವನು. ಅಗಸಿ ಮುಂದೆ ಚಡ್ಡಿ ಒದ್ದೆ ಮಾಡಿಕೊಂಡವನು. ಅದನ್ನು ಹೇಳಿದೆ. ಮಿರ್ಚಿ ಕೈಯಲ್ಲೇ ಉಳಿಯಿತು. “ಅವಂಗ ಕೆಮ್ಮು ಇತ್ತಲ್ಲಲೇ,” ಅಂದ ಸ್ವಲ್ಪ ಹೊತ್ತಿನ ಮೇಲೆ.

ಹೌದು, ಕೆಮ್ಮು ಇತ್ತು. ಆ ಕೆಮ್ಮಿನಿಂದಲೇ ಒಂದು ವರ್ಷ ಗುಟ್ಟು ರಟ್ಟಾಗಿದ್ದು. ಬವ್ವಾ ಅಂದರೆ ನಮ್ಮ ಸಾಲಿಯ ಜವಾನ! ಅವತ್ತಿನಿಂದ ನಾವೇ ಅವನ ಬೆನ್ನು ಹತ್ತಿ, ಅವನ ಹಾಗೆ ಕೆಮ್ಮಿ ಕಾಡಿಸಿದೆವು. ಅವನೂ ನಕ್ಕು ಮೊಹರಂ ಸಿಹಿ ಚೊಂಗೆ ಮುರಿದು ಕೊಡುತ್ತಿದ್ದ.

ಸಿನಿಮಾದ ಕೊನೆಯೂ ಇಂಥದ್ದೇ. ಎಲ್ಲರೂ ಸುತ್ತುಗಟ್ಟಿ ಜೋಕರನನ್ನು ಬೈಯುತ್ತಾರೆ, ನೀನು ಬರೀ ಒಬ್ಬ ಜೋಕರ್ ಅನ್ನುತ್ತಾರೆ. ಬೈದಷ್ಟೂ ಅವನು ಕುಗ್ಗುತ್ತಾನೆ. ಥಿಯೇಟರಿನಲ್ಲಿ ಜನ ನಕ್ಕರು. “ಇಷ್ಟನ? ಬೈದ್ರ ಸತ್ತ ಹೋಗ್ತಾನ?” ಅಂತ ಬೆಂಗಳೂರಿನವನಿಗೂ ಸಿಟ್ಟು. ನನಗೆ ಬೈಗುಳದ ಬಗ್ಗೆ ತಕರಾರಿಲ್ಲ, ಮಕ್ಕಳು ಭಯವನ್ನು ಹಾಗೆಯೇ ಗೆಲ್ಲುವುದು. ತಕರಾರು ಬೇರೆ. ಬವ್ವಾನ ಮಸಿಯ ಒಳಗೆ ಒಬ್ಬ ಮನುಷ್ಯ ಇದ್ದ. ಪೆನ್ನಿವೈಸ್ ಒಳಗೆ ಯಾರೂ ಇಲ್ಲ. ಬಣ್ಣ ತೆಗೆದರೆ ಜೇಡದ ಕಾಲು, ಅದರೊಳಗೆ ಇನ್ನೊಂದು ರಾಕ್ಷಸ. ಗ್ರಾಫಿಕ್ಸ್ ಜಾಸ್ತಿಯಾಗಿ ಭಯ ಕಡಿಮೆಯಾಯಿತು.

ಮೈಕ್‌ನನ್ನು ಮಾತ್ರ ಬಿಡಲಾಗುತ್ತಿಲ್ಲ. ಅವನು ಗೆಳೆಯರಿಗೆ ಸುಳ್ಳು ಹೇಳುತ್ತಾನೆ. ಜೋಕರನನ್ನು ಮುಗಿಸಲು ಒಂದು ಪೂಜೆ ಇದೆ ಅನ್ನುತ್ತಾನೆ, ಹಿಂದೆ ಅದನ್ನು ಮಾಡಿದವರೆಲ್ಲ ಸತ್ತರು ಎಂಬ ಚಿತ್ರವನ್ನೇ ಕೆರೆದು ಅಳಿಸಿರುತ್ತಾನೆ. ಗೆಳೆಯರಿಗೆ ಸಿಟ್ಟು ಬರುತ್ತದೆ, ಬರಲೇಬೇಕು. ಆದರೂ ನಾನು ಅವನ ಪಕ್ಷ. ಊರಲ್ಲೋ ಊರ ಹತ್ತಿರವೋ ಉಳಿದವನಿಗೆ ಇದೊಂದು ಕೆಲಸ ಅಂಟಿಕೊಳ್ಳುತ್ತದೆ. ಯಾರ ಅಪ್ಪ ಹೋದರು, ಯಾರ ಹೊಲ ಮಾರಾಟಕ್ಕಿದೆ, ಎಲ್ಲ ನಾನೇ ಫೋನು ಮಾಡಿ ಹೇಳಬೇಕು. ಬರುವುದಿಲ್ಲ ಅನ್ನಿಸಿದರೆ ನಾನೂ ಸುದ್ದಿಗೆ ಸ್ವಲ್ಪ ಉಪ್ಪು ಖಾರ ಹಚ್ಚುತ್ತೇನೆ. ಇಷ್ಟು ಒಳ್ಳೆ ಪಾತ್ರಕ್ಕೆ ಸಿನಿಮಾ ಕೊಟ್ಟ ಜಾಗ ಸಾಲದು. ಕೊನೆಗೆ ಅವನೂ ಗಂಟು ಕಟ್ಟಿಕೊಂಡು ಊರು ಬಿಡುತ್ತಾನೆ.

“ನೀನೂ ಬಾರಲೇ ಪುಣೆಗೆ. ಮೈಕ್ ಹೊಂಟಾನ, ನೀ ಯಾಕ ಇಲ್ಲೇ ಕುಂತಿ?” ಅಂದ ಪುಣೆಯವನು. ನಾನು ಚಹಾ ಹೇಳಿದೆ.

ಇವತ್ತು ಊರಿಗೆ ಫೋನು ಮಾಡಿ ವಿಚಾರಿಸಿದೆ. ಈ ಸಲ ಬವ್ವಾ ಆಗುತ್ತಿರುವುದು ಜವಾನನ ಮೊಮ್ಮಗನಂತೆ, ಐಟಿಐ ಓದುವ ಹುಡುಗ. ಬೆಂಗಳೂರಿನವನು ನಾಳೆಯ ಟಿಕೆಟ್ ರದ್ದು ಮಾಡಿಸಿದ್ದಾನೆ. ಪುಣೆಯವನು ರಜೆ ಇಲ್ಲ ಅನ್ನುತ್ತಲೇ ಮಂಗಳವಾರ ಬಸ್ಸು ಎಷ್ಟು ಗಂಟೆಗೆ ಎಂದು ಮತ್ತೆ ಮತ್ತೆ ಕೇಳುತ್ತಿದ್ದಾನೆ.