ಕರೆಂಟ್ ಹೋದರೆ ದುಡ್ಡು ಹೋಗುವುದಿಲ್ಲವೇ?

ನಮ್ಮ ಮನೆಯ ಪಡಸಾಲೆಯ ಗೋಡೆಯಲ್ಲಿ ಒಂದು ಗೂಡಿದೆ. ಅಜ್ಜಿಯ ಕಾಲದಲ್ಲಿ ಅಲ್ಲಿ ಕಂದೀಲು ಇಡುತ್ತಿದ್ದರು. ಈಗ ಊಟದ ಡಬ್ಬಿಯಷ್ಟು ಅಗಲದ ಒಂದು ಕಪ್ಪು ಕಂಪ್ಯೂಟರ್ ಕುಳಿತಿದೆ. ಪರದೆಯಿಲ್ಲ, ಕೀಲಿಮಣೆಯಿಲ್ಲ, ಮುಂದೆ ಒಂದು ನೀಲಿ ದೀಪ ಅಷ್ಟೆ. ಮನೆಗೆ ಬಂದವರು ಇದೇನು ಎಂದು ಕೇಳುತ್ತಾರೆ. ಇಥೀರಿಯಂ ಎಂಬ ಕ್ರಿಪ್ಟೊ ಜಾಲದ ವ್ಯಾಲಿಡೇಟರ್ ಎನ್ನುತ್ತೇನೆ. 32 ಈಥರ್ ನಾಣ್ಯಗಳನ್ನು ಒತ್ತೆ ಇಟ್ಟು ಆ ಜಾಲದ ಲೆಕ್ಕಕ್ಕೆ ಸಾಕ್ಷಿ ಹೇಳುವ ಯಂತ್ರ ಇದು ಎಂದು ನಾನು ಹೇಳಿ ಮುಗಿಸುವುದರೊಳಗೆ ಎರಡನೆಯ ಪ್ರಶ್ನೆ ಬಂದಿರುತ್ತದೆ. ಬೆಂಗಳೂರಿನಿಂದ ಬಂದ ಗೆಳೆಯರಾದರೆ ಎಷ್ಟು ಬರುತ್ತದೆ ಎಂದು ಕೇಳುತ್ತಾರೆ. ವಿಜಯಪುರದವರು ಮಾತ್ರ ತಪ್ಪದೆ ಕೇಳುವುದು ಒಂದೇ: ಕರೆಂಟ್ ಹೋದರೆ ದುಡ್ಡು ಹೋಗುವುದಿಲ್ಲವೇ?

ನ್ಯಾಯವಾದ ಪ್ರಶ್ನೆ. ಕೂಡಗಿಯಲ್ಲಿ 2400 ಮೆಗಾವ್ಯಾಟ್‌ನ ಶಾಖೋತ್ಪನ್ನ ಸ್ಥಾವರ, ಆಲಮಟ್ಟಿಯಲ್ಲಿ ಜಲವಿದ್ಯುತ್ ಎರಡನ್ನೂ ಇಟ್ಟುಕೊಂಡ ಜಿಲ್ಲೆ ನಮ್ಮದು. ಆದರೂ ಮೇ ತಿಂಗಳ ಸಂಜೆ ಗಾಳಿ ಎದ್ದರೆ ಎಲ್ಲರೂ ಮೊದಲು ಮೊಬೈಲ್ ಚಾರ್ಜಿಗೆ ಹಚ್ಚುತ್ತೇವೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ.

ನನ್ನ ಉತ್ತರ: ಹೋಗುತ್ತದೆ, ಚಿಲ್ಲರೆ ಹೋಗುತ್ತದೆ. ದೊಡ್ಡ ದುಡ್ಡು ಹೋಗುವುದು ಕರೆಂಟ್ ಇದ್ದಾಗ.

ಟಿಕೋಟಾ ಕಡೆ ದ್ರಾಕ್ಷಿ ತೋಟವಿರುವ ನಮ್ಮ ಕಾಕಾ ಈ ಉತ್ತರ ಕೇಳಿ, "ಒಗಟು ಹೇಳಬೇಡ ತಮ್ಮಾ, ಬಿಡಿಸಿ ಹೇಳು" ಎಂದರು. ಅವರಿಗೆ ಹೇಳಿದ ರೀತಿಯಲ್ಲೇ ಇಲ್ಲೂ ಹೇಳುತ್ತೇನೆ.

ಉದ್ಯೋಗ ಖಾತ್ರಿ ಕೆಲಸದ ಹಳೆಯ ಮಸ್ಟರ್, ಅಂದರೆ ಹಾಜರಿ ಪಟ್ಟಿ, ನೆನಪಿಸಿಕೊಳ್ಳಿ. ಕೆಲಸಕ್ಕೆ ಬಂದವನು ಹೆಬ್ಬೆಟ್ಟು ಒತ್ತುತ್ತಿದ್ದ, ಕೂಲಿ ಬರುತ್ತಿತ್ತು. ಬಾರದಿದ್ದರೆ ಆ ದಿನದ ಕೂಲಿ ಇಲ್ಲ. ನನ್ನ ಯಂತ್ರವೂ ಹಾಗೆಯೇ ಹೆಬ್ಬೆಟ್ಟು ಒತ್ತುತ್ತದೆ, ಆದರೆ ದಿನಕ್ಕೆ ಒಮ್ಮೆಯಲ್ಲ, 6.4 ನಿಮಿಷಕ್ಕೆ ಒಮ್ಮೆ. ದಿನಕ್ಕೆ 225 ಸಲ. "ಇಲ್ಲಿಯವರೆಗಿನ ಲೆಕ್ಕ ಸರಿಯಿದೆ, ಸರಪಳಿಯ ತುದಿಯ ಕಂತೆ ಇದು" ಎಂದು ಸಹಿ ಹಾಕುವುದೇ ಅದರ ನಿತ್ಯದ ಕೆಲಸ. ಕಂತೆ ಎಂದರೆ ವ್ಯವಹಾರಗಳ ಒಂದು ಕಟ್ಟು (ಬ್ಲಾಕ್), ಅವು ಒಂದಕ್ಕೊಂದು ಕೂಡಿದ್ದೇ ಸರಪಳಿ (ಬ್ಲಾಕ್‌ಚೈನ್). ಹೊಸ ಕಂತೆಯನ್ನು ತಾನೇ ಕಟ್ಟುವ ಸರದಿ ಅಪರೂಪ. ಹನ್ನೆರಡು ಸೆಕೆಂಡಿಗೊಂದು ಕಂತೆ, ಎದುರಿಗೆ ಸರಿಸುಮಾರು ಹತ್ತು ಲಕ್ಷ ವ್ಯಾಲಿಡೇಟರ್‌ಗಳು. ಹಾಗಾಗಿ ನಾಲ್ಕೈದು ತಿಂಗಳಿಗೆ ಒಮ್ಮೆ ನಮ್ಮ ಪಾಳಿ ಬಂದರೆ ಅದೇ ಲೆಕ್ಕ.

ಯಂತ್ರ ಬಂದ್ ಆಗಿ ಒಂದು ಹೆಬ್ಬೆಟ್ಟು ತಪ್ಪಿದರೆ ಕೂಲಿಯೂ ಇಲ್ಲ, ಮೇಲೆ ಸಣ್ಣ ದಂಡವೂ ಇದೆ. ಆ ದಂಡ ತಪ್ಪಿದ ಕೂಲಿಯ ಮುಕ್ಕಾಲು ಪಾಲಿನಷ್ಟು. ಅಂದರೆ ನಾಲ್ಕು ತಾಸು ಬಂದ್ ಇದ್ದರೆ, ಚಾಲು ಆದ ಮೂರು ತಾಸಿನಲ್ಲಿ ದಂಡ ತುಂಬಿ ಬರುತ್ತದೆ. ರೂಪಾಯಿಯಲ್ಲಿ ಹೇಳಬೇಕೆಂದರೆ, ಒಂದು ಈಥರ್‌ಗೆ 2.5 ಲಕ್ಷ ರೂಪಾಯಿ ಎಂದು ಹಿಡಿಯಿರಿ, ಐದು ತಾಸು ಕರೆಂಟ್ ಇಲ್ಲದಿದ್ದರೆ ಕೈಯಿಂದ ಹೋಗುವುದು ಎಂಬತ್ತು ರೂಪಾಯಿ ಆಸುಪಾಸು. ಗಾಂಧಿ ಚೌಕದಲ್ಲಿ ಇಬ್ಬರು ಮಿರ್ಚಿ ಭಜಿ ತಿಂದು ಚಹಾ ಕುಡಿದರೆ ಅಷ್ಟು ಆಗುತ್ತದೆ. ಇದಕ್ಕೆ ಒಂದು ಅಪವಾದವಿದೆ. ಜಗತ್ತಿನಾದ್ಯಂತ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ವ್ಯಾಲಿಡೇಟರ್‌ಗಳು ಒಟ್ಟಿಗೆ ಮಲಗಿ, ಜಾಲಕ್ಕೆ ಲೆಕ್ಕ ಮುಚ್ಚಲಾಗದೆ ಹೋದರೆ, ಗೈರುಹಾಜರಾದವರ ದಂಡ ಏರುತ್ತಾ ಹೋಗುತ್ತದೆ. ವಿಜಯಪುರದ ಒಂದು ಓಣಿಯಲ್ಲಿ ಫ್ಯೂಸ್ ಹಾರಿದರೆ ಆಗುವ ಸಂಗತಿ ಅದಲ್ಲ.

ಇನ್ನು ಮಸ್ಟರಿನ ಇನ್ನೊಂದು ಅಪರಾಧ. ಒಂದೇ ದಿನ, ಒಂದೇ ಹೊತ್ತಿಗೆ, ಎರಡು ಕೆಲಸದ ಮಸ್ಟರಿನಲ್ಲಿ ಒಬ್ಬನದೇ ಹೆಬ್ಬೆಟ್ಟು. ಇದು ಗೈರುಹಾಜರಿ ಅಲ್ಲ, ಮೋಸ. ಒಂದೇ ಕೀಲಿಯಿಂದ (ಸಹಿ ಹಾಕಲು ಬಳಸುವ ಗುಟ್ಟಿನ ಸಂಖ್ಯೆ) ಒಂದೇ ಸರದಿಗೆ ಎರಡು ಬೇರೆ ಬೇರೆ ಸಾಕ್ಷಿ ಹೊರಬಿದ್ದರೆ ಜಾಲ ಅದನ್ನು ಮೋಸ ಎಂದೇ ಎಣಿಸುತ್ತದೆ. ದಂಡ ಹಾಕಿ, ವ್ಯಾಲಿಡೇಟರ್ ಅನ್ನು ಹೊರಗಟ್ಟುತ್ತದೆ. ಇದಕ್ಕೆ ಸ್ಲ್ಯಾಶಿಂಗ್ ಎಂದು ಹೆಸರು. ನೀವು ಕೇಡಿಗನೋ ಬರಿಯ ಅವಸರದ ಮನುಷ್ಯನೋ ಎಂದು ಅದು ವಿಚಾರಿಸುವುದಿಲ್ಲ. ಮನೆಯಲ್ಲಿ ಯಂತ್ರ ನಡೆಸುವವರಲ್ಲಿ ಕೇಡಿಗರು ಯಾರಿದ್ದಾರೆ? ಇರುವವರೆಲ್ಲ ಅವಸರದವರೇ.

ನಾನೂ ಒಬ್ಬ. 2024ರ ಮೇ ತಿಂಗಳಲ್ಲಿ ಒಂದು ಮದುವೆಗೆ ಬೆಳಗಾವಿಗೆ ಹೋಗಿದ್ದೆ. ಅಕ್ಷತೆ ಬಿದ್ದು ಊಟಕ್ಕೆ ಕೂರುವ ಹೊತ್ತಿಗೆ ಮೊಬೈಲ್ ಗುಂಯ್ ಎಂದಿತು: ಸಾಕ್ಷಿ ತಪ್ಪಿದೆ. ಹೋಳಿಗೆ ಬಡಿಸುವುದರೊಳಗೆ ಇನ್ನೊಂದು. ಮನೆಯ ಯಂತ್ರಕ್ಕೆ ದೂರದಿಂದ ಸಂಪರ್ಕ ಸಿಗಲಿಲ್ಲ. ಕರೆಂಟ್ ಹೋಗಿ ಇನ್ವರ್ಟರ್ ಕೂಡ ಕೈಕೊಟ್ಟಿರಬೇಕು ಎಂದುಕೊಂಡೆ. ಅಷ್ಟಕ್ಕೂ ನಾನು ಮುಂದಾಲೋಚನೆಯ ಮನುಷ್ಯ ತಾನೆ? ಚೀಲದಲ್ಲಿ ಲ್ಯಾಪ್‌ಟಾಪ್ ಇತ್ತು, ಅದರಲ್ಲಿ ಕೀಲಿಯ ಪ್ರತಿಯೂ ಇತ್ತು. ಬಾಡಿಗೆಗೆ ಹಿಡಿದಿದ್ದ ದೂರದ ಸರ್ವರ್ ಒಂದರಲ್ಲಿ ಪೂರ್ತಿ ಸರಪಳಿ ಇಳಿಸಿ ಸಿದ್ಧವಾಗಿಟ್ಟಿದ್ದೆ. ಕಲ್ಯಾಣ ಮಂಟಪದ ಹಿಂದಿನ ಕೋಣೆಯಲ್ಲಿ, ಮಡಚಿಟ್ಟ ಜಮಖಾನೆಗಳ ಮೇಲೆ ಕುಳಿತು, ಆ ಸರ್ವರ್‌ಗೆ ಕೀಲಿ ಏರಿಸಿ, ಚಾಲು ಮಾಡುವ ಆಜ್ಞೆಯನ್ನೂ ಬರೆದೆ. ಎಂಟರ್ ಒತ್ತುವುದು ಮಾತ್ರ ಉಳಿದಿತ್ತು. ಯಾಕೋ ಏನೋ, ಮನೆಗೆ ಫೋನ್ ಮಾಡಿದೆ.

"ಅವ್ವಾ, ಕರೆಂಟ್ ಯಾವಾಗ ಹೋಯಿತು?"

"ಎಲ್ಲಿ ಹೋಗಿದೆ? ಫ್ಯಾನ್ ತಿರುಗುತ್ತಿದೆಯಲ್ಲ."

"ಗೂಡಿನಲ್ಲಿರುವ ಪೆಟ್ಟಿಗೆಯ ದೀಪ?"

"ನೀಲಿ ಉರಿಯುತ್ತಿದೆ. ಅದರ ಮೇಲೆ ಗೋಡೆಗೆ ಹೊಡೆದ ಬಿಳಿ ಡಬ್ಬಿಯಲ್ಲಿ ಕೆಂಪು ದೀಪ ಮಿಣುಕುತ್ತಿದೆ, ನೋಡು. ನಿನ್ನೆ ಅದು ಇರಲಿಲ್ಲ."

ಬಿಳಿ ಡಬ್ಬಿ ಎಂದರೆ ಫೈಬರ್ ಮೋಡೆಮ್. ಕೆಂಪು ದೀಪ ಮಿಣುಕಿದರೆ ಹೊರಗಿನ ತಂತಿಯಲ್ಲಿ ಬೆಳಕು ಬರುತ್ತಿಲ್ಲ ಎಂದರ್ಥ. ರಸ್ತೆಯಲ್ಲಿ ಪೈಪಿಗೆ ಅಗೆಯುತ್ತಿದ್ದವರ ಗುದ್ದಲಿಗೆ ಅದು ತುಂಡಾಗಿತ್ತು. ಯಂತ್ರಕ್ಕೆ ಏನೂ ಆಗಿರಲಿಲ್ಲ. ಒಳಗೆ ಕೀಲಿ ಹಿಡಿದುಕೊಂಡು, ಯಾವಾಗ ದಾರಿ ತೆರೆಯುತ್ತದೆ ಎಂದು ಕಾಯುತ್ತಾ ಕುಳಿತಿತ್ತು. ನಾನು ಇಲ್ಲಿ ಎಂಟರ್ ಒತ್ತಿ, ಅಲ್ಲಿ ತಂತಿ ಜೋಡಿಸುವವನು ಬಂದು ತನ್ನ ಕೆಲಸ ಮುಗಿಸಿದ್ದರೆ, ಒಂದೇ ಹೆಬ್ಬೆಟ್ಟು ಎರಡು ಕಡೆ ಬೀಳುತ್ತಿತ್ತು. ಆಗಿನ ನಿಯಮದಲ್ಲಿ ತಕ್ಷಣದ ದಂಡವೇ ಒತ್ತೆಯ ಮೂವತ್ತೆರಡನೇ ಒಂದು ಪಾಲು, ಅಂದರೆ ಪೂರ್ತಿ 1 ಈಥರ್. ನಾನು ಬರೆದ ಆಜ್ಞೆಯನ್ನು ಅಕ್ಷರ ಅಕ್ಷರವಾಗಿ ಅಳಿಸಿದೆ. ಒಟ್ಟಿಗೆ ಅಳಿಸಲು ಕೈ ನಡುಗುತ್ತಿತ್ತು. ತಂತಿ ಸರಿಯಾಗಲು ಒಂಬತ್ತು ತಾಸು ಹಿಡಿಯಿತು. ಆ ಒಂಬತ್ತು ತಾಸಿನ ದಂಡ ಇನ್ನೂರು ರೂಪಾಯಿಯ ಒಳಗೇ ಇತ್ತು. ಮದುವೆಗೆ ಹಾಕಿದ ಮುಯ್ಯಿ ಅದಕ್ಕಿಂತ ಹೆಚ್ಚು.

2025ರ ಮೇ 7ರಂದು ಬಂದ ಪೆಕ್ಟ್ರಾ ಎಂಬ ನವೀಕರಣದ ನಂತರ ಆ ಮೊದಲ ದಂಡ ಒತ್ತೆಯ 4096ನೇ ಒಂದು ಪಾಲಿಗೆ ಇಳಿದಿದೆ. ಹಾಗೆಂದು ನಿಶ್ಚಿಂತರಾಗಬೇಡಿ. ಹೊರಗಟ್ಟಿದ ಮೇಲೂ ಸುಮಾರು 36 ದಿನ ಹಣ ಒಳಗೇ ಸಿಕ್ಕಿಕೊಂಡಿರುತ್ತದೆ, ಆ ದಿನಗಳಷ್ಟೂ ಗೈರುಹಾಜರಿಯ ದಂಡ ಓಡುತ್ತಲೇ ಇರುತ್ತದೆ. ಅದೇ ಅವಧಿಯಲ್ಲಿ ಬೇರೆ ಬಹಳ ಜನ ಇದೇ ತಪ್ಪಿಗೆ ಸಿಕ್ಕಿಬಿದ್ದರೆ ಇನ್ನೊಂದು ದಂಡ ಸೇರುತ್ತದೆ. ಮೂರರಲ್ಲಿ ಒಂದು ಪಾಲು ಜನ ಸಿಕ್ಕಿಬಿದ್ದರೆ ಪೂರ್ತಿ ಒತ್ತೆಯೇ ಹೋಗಬಹುದು. ಎಲ್ಲರೂ ಒಂದೇ ತಂತ್ರಾಂಶ ಬಳಸಿ, ಅದರಲ್ಲಿ ದೋಷ ಕಂಡರೆ ಆಗುವುದೂ ಇಂಥದ್ದೇ. ಅದಕ್ಕಾಗಿಯೇ ನಾನು ಹೆಚ್ಚು ಜನ ಬಳಸುವ ಗೆತ್ ಎಂಬ ತಂತ್ರಾಂಶ ಬಿಟ್ಟು ಬೇಸು ಎಂಬುದನ್ನು ಹಾಕಿಕೊಂಡಿದ್ದೇನೆ, ಸಾಕ್ಷಿ ಹೇಳುವ ಭಾಗಕ್ಕೆ ನಿಂಬಸ್ ಎಂಬುದನ್ನು. ನಿಂಬಸ್‌ಗೆ ಕಡಿಮೆ ಮೆಮೊರಿ ಸಾಕು ಎಂಬುದೂ ಒಂದು ಕಾರಣ.

ಬೆಳಗಾವಿಯಿಂದ ಬಂದ ಮರುದಿನವೇ ಲ್ಯಾಪ್‌ಟಾಪಿನಲ್ಲಿದ್ದ ಕೀಲಿಯನ್ನು ಅಳಿಸಿದೆ, ಬಾಡಿಗೆ ಸರ್ವರನ್ನೂ ಬಿಟ್ಟೆ. ಚಾಲು ಆಗುವ ಮೊದಲು ಎರಡು ಮೂರು ಸುತ್ತು ಸುಮ್ಮನಿದ್ದು, ತನ್ನದೇ ಕೀಲಿಯ ದನಿ ಬೇರೆಲ್ಲಿಂದಾದರೂ ಕೇಳುತ್ತಿದೆಯೇ ಎಂದು ಆಲಿಸುವ ಸೌಲಭ್ಯ ಈ ತಂತ್ರಾಂಶಗಳಲ್ಲಿದೆ. ಅದನ್ನು ಹಾಕಿಟ್ಟಿದ್ದೇನೆ. ಆದರೆ ಬೆಳಗಾವಿಯ ದಿನ ಅದು ನನ್ನನ್ನು ಉಳಿಸುತ್ತಿರಲಿಲ್ಲ. ತಂತಿ ತುಂಡಾದ ಮನೆಯಿಂದ ಯಾವ ದನಿಯೂ ಹೊರಬರುತ್ತಿರಲಿಲ್ಲವಲ್ಲ.

ಕರೆಂಟ್ ಇದ್ದಾಗಲೇ ಹೋದ ದುಡ್ಡಿನ ಇನ್ನೊಂದು ಕಥೆ ಅವ್ವನದು. ಬೇಸಿಗೆಯಲ್ಲಿ ವರ್ಷದ ಖಾರ ಕುಟ್ಟಿಸಿ ತಂದು ಪಡಸಾಲೆಯಲ್ಲಿ ಜರಡಿ ಹಿಡಿಯುವುದು ನಮ್ಮ ಮನೆಯ ಪದ್ಧತಿ. ಖಾರದ ಪುಡಿ ಹಾರಿ ಮಗನ ಪೆಟ್ಟಿಗೆಯೊಳಗೆ ಹೋದೀತು ಎಂದು ಅವ್ವ ಹಳೆಯ ಇಳಕಲ್ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಹೊದಿಸಿದ್ದಾಳೆ. ಹೊರಗೆ ಬಿಸಿಲು 42 ಡಿಗ್ರಿ. ಒಳಗೆ ಸರಪಳಿಯ ಪ್ರತಿ ಇರುವ ಡಿಸ್ಕ್ (ಎಸ್‌ಎಸ್‌ಡಿ) ಕಾದು, ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗ ಇಳಿಸಿದೆ. ಸಂಜೆಯವರೆಗೆ ಸಾಕ್ಷಿಗಳೆಲ್ಲ ತಡವಾಗಿ ಹೊರಟಿವೆ. ತಡವಾದ ಸಾಕ್ಷಿಗೆ ಕೂಲಿ ಕಡಿಮೆ. ಬಟ್ಟೆ ತೆಗೆದಾಗ ಪೆಟ್ಟಿಗೆ ಹಂಚಿನಂತೆ ಸುಡುತ್ತಿತ್ತು. ಅವ್ವನಿಗೆ ಏನೆನ್ನಲಿ? ಖಾರ ಒಳಗೆ ಹೋಗಿರಲಿಲ್ಲ, ಅದಂತೂ ನಿಜ. ಈಗ ಪೆಟ್ಟಿಗೆ ನಾಲ್ಕು ನೀರಿನ ಬಾಟಲಿಯ ಮುಚ್ಚಳಗಳ ಮೇಲೆ ಎತ್ತರಕ್ಕೆ ಕುಳಿತಿದೆ, ಪಕ್ಕದಲ್ಲಿ ಅಂಗೈ ಅಗಲದ ಫ್ಯಾನ್ ಇದೆ, ಖಾರದ ಕೆಲಸ ಹಿತ್ತಲಿಗೆ ಹೋಗಿದೆ. ತಿಂಗಳಿಗೊಮ್ಮೆ ಬಣ್ಣದ ಬ್ರಷ್‌ನಿಂದ ಧೂಳು ಒರೆಸುತ್ತೇನೆ.

ಡಿಸ್ಕಿನ ಬಗ್ಗೆ ಒಂದು ಮಾತು. ಮೊದಲ ಸಲ ಅಗ್ಗದ ಎಸ್‌ಎಸ್‌ಡಿ ಕೊಂಡು ಕೆಟ್ಟೆ. ಸರಪಳಿ ಮುಂದೆ ಓಡುತ್ತಿತ್ತು, ನನ್ನ ಡಿಸ್ಕ್ ಏದುಸಿರು ಬಿಡುತ್ತಾ ಹಿಂದೆ ಓಡುತ್ತಿತ್ತು, ಎಂದಿಗೂ ಮುಟ್ಟಲಿಲ್ಲ. ಒಳ್ಳೆಯ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ), ಟಿಎಲ್‌ಸಿ ಎಂಬ ಚಿಪ್ ಬಗೆಯದು, ಅದರಲ್ಲಿ ಡಿರ್ಯಾಮ್ ಎಂಬ ಚುರುಕು ಮೆಮೊರಿ ಇರಬೇಕು, 2 ಟೆರಾಬೈಟ್ ಕನಿಷ್ಠ, ಕೈಯಲ್ಲಿ ದುಡ್ಡಿದ್ದರೆ 4. ಇಲ್ಲಿ ಜಿಪುಣತನ ಮಾಡಿದವರು ಎರಡು ಸಲ ಕೊಳ್ಳುತ್ತಾರೆ.

ಇಷ್ಟಾದ ಮೇಲೆ ಕರೆಂಟಿಗೆ ಬರುತ್ತೇನೆ, ಏಕೆಂದರೆ ಕಾಕಾ ಬಿಡಲಿಲ್ಲ. ಈ ಯಂತ್ರ ಎಳೆಯುವ ವಿದ್ಯುತ್ ಹಳೆಯ ಗುಂಡು ಬಲ್ಬಿಗಿಂತ ಕಡಿಮೆ. ಬಿಟ್‌ಕಾಯಿನ್ ಗಣಿಗಾರಿಕೆಯಂತೆ ವಿದ್ಯುತ್ ನುಂಗುವ ಕೆಲಸ ಇದಲ್ಲ. ಇಥೀರಿಯಂ 2022ರ ಸೆಪ್ಟೆಂಬರ್ 15ರಂದೇ ಗಣಿಗಾರಿಕೆ ಬಿಟ್ಟಿತು. ಹಾಗಾಗಿ ಮನೆಯ ಸಾಮಾನ್ಯ ಇನ್ವರ್ಟರ್, 150 ಎಎಚ್ ಬ್ಯಾಟರಿ ಸಾಕು. ಡಿಸ್ಟಿಲ್ಡ್ ವಾಟರ್ ಹಾಕಲು ಮರೆಯದಿದ್ದರೆ ಇಡೀ ರಾತ್ರಿ ಎಳೆಯುತ್ತದೆ. ಆದರೆ ಎರಡು ತಪ್ಪು ಎಲ್ಲರೂ ಮಾಡುತ್ತಾರೆ. ಒಂದು, ಕಂಪ್ಯೂಟರನ್ನು ಇನ್ವರ್ಟರ್ ಲೈನಿಗೆ ಕೊಟ್ಟು ಫೈಬರ್ ಮೋಡೆಮ್ ಅನ್ನು ಬೇರೆ ಲೈನಿನಲ್ಲಿ ಬಿಡುವುದು. ಯಂತ್ರ ಎಚ್ಚರವಾಗಿರುತ್ತದೆ, ಬಾಯಿ ಕಟ್ಟಿರುತ್ತದೆ. ಎರಡನೆಯದು ಸೂಕ್ಷ್ಮ. ಕರೆಂಟ್ ಹೋಗಿ ಇನ್ವರ್ಟರ್ ಹಿಡಿದುಕೊಳ್ಳುವ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಅಂತರವಿದೆ. ಫ್ಯಾನಿಗೆ ಅದು ಗೊತ್ತೇ ಆಗುವುದಿಲ್ಲ, ಕಂಪ್ಯೂಟರ್ ಆ ಅಂತರದಲ್ಲಿ ಬಂದ್ ಆಗಿ ಮತ್ತೆ ಏಳುತ್ತದೆ. ಹೀಗೆ ಪದೇ ಪದೇ ಆದರೆ ಡಿಸ್ಕಿನಲ್ಲಿರುವ ಸರಪಳಿಯ ಪ್ರತಿ ಕೆಡಬಹುದು, ಆಗ ಮೊದಲಿನಿಂದ ಇಳಿಸಿಕೊಳ್ಳಬೇಕು. ಬಹುತೇಕ ಇನ್ವರ್ಟರ್‌ಗಳಲ್ಲಿ ಇದಕ್ಕೊಂದು ಸ್ವಿಚ್ ಇರುತ್ತದೆ, ಯುಪಿಎಸ್ ಎಂದು ಬರೆದ ಕಡೆಗೆ ಸರಿಸಿದರೆ ಅಂತರ ಕಿರಿದಾಗುತ್ತದೆ. ವೋಲ್ಟೇಜ್ ಏರಿಳಿದಾಗ ಅದು ಬ್ಯಾಟರಿಗೆ ಜಾಸ್ತಿ ಸಲ ಹಾರುತ್ತದೆ, ಅದೊಂದು ಕಿರಿಕಿರಿ. ಇನ್ನು ಓಣಿಯ ಇಂಟರ್‌ನೆಟ್ ಪೆಟ್ಟಿಗೆಗೇ ಕರೆಂಟ್ ಇಲ್ಲವೆಂದರೆ ಹಳೆಯ ಮೊಬೈಲಿನ ಹಾಟ್‌ಸ್ಪಾಟ್ ಒಂದೆರಡು ತಾಸಿಗೆ ಆದೀತು. ಅದಕ್ಕಿಂತ ಹೆಚ್ಚು ನಡೆಸಿದರೆ ಡೇಟಾಕ್ಕೆ ಕೊಡುವ ದುಡ್ಡು ತಪ್ಪಿಸಿಕೊಂಡ ದಂಡವನ್ನು ಮೀರುತ್ತದೆ. ನಾನು ಈಗ ಸುಮ್ಮನೆ ಮಲಗುತ್ತೇನೆ.

ಎಷ್ಟು ಬರುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ವರ್ಷಕ್ಕೆ ಶೇಕಡಾ 3ರ ಆಸುಪಾಸು, ಅದೂ ಈಥರ್‌ನಲ್ಲಿ. ಬ್ಯಾಂಕಿನ ಠೇವಣಿಯ ಬಡ್ಡಿ ಇದಕ್ಕಿಂತ ಹೆಚ್ಚು. ಈಥರ್ ಬೆಲೆ ಒಂದೇ ತಿಂಗಳಲ್ಲಿ ಶೇಕಡಾ ಮೂವತ್ತರಷ್ಟು ಬಿದ್ದದ್ದನ್ನೂ ನೋಡಿದ್ದೇನೆ. ಮಾರಿದ ಲಾಭಕ್ಕೆ 2022ರ ಏಪ್ರಿಲ್ 1ರಿಂದ ಶೇಕಡಾ 30 ತೆರಿಗೆ, ಅದೇ ವರ್ಷದ ಜುಲೈಯಿಂದ ಶೇಕಡಾ 1 ಟಿಡಿಎಸ್. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಸಾಲ ಮಾಡಿ, ಹೊಲ ಒತ್ತೆ ಇಟ್ಟು ಇದಕ್ಕೆ ಇಳಿಯುತ್ತೇನೆ ಎನ್ನುವವರಿಗೆ ನಾನು ಕುಡಿಯಲು ಮಜ್ಜಿಗೆ ಕೊಟ್ಟು ಕಳಿಸುತ್ತೇನೆ. ಕೆಲಸ ಕಲಿಯುವ ಆಸೆ ಮಾತ್ರ ಇದ್ದವರಿಗೆ ಹೂಡಿ ಎಂಬ ಪರೀಕ್ಷಾ ಜಾಲವಿದೆ. ಅಲ್ಲಿ ಒತ್ತೆಯ ನಾಣ್ಯಕ್ಕೆ ಬೆಲೆಯಿಲ್ಲ, ಎರಡು ಕಡೆ ಹೆಬ್ಬೆಟ್ಟು ಒತ್ತಿ ಹೊರಬಿದ್ದರೂ ಯಾರ ಗಂಟೂ ಹೋಗುವುದಿಲ್ಲ.

ಕಾಕಾ ಇಷ್ಟನ್ನೂ ತಾಳ್ಮೆಯಿಂದ ಕೇಳಿದರು. ಈಥರ್ ಬಗ್ಗೆ ಏನೂ ಅನ್ನಲಿಲ್ಲ, ಸ್ಲ್ಯಾಶಿಂಗ್ ಬಗ್ಗೆಯೂ ಇಲ್ಲ. ಚಹಾದ ಬಸಿ ಕೆಳಗಿಟ್ಟು, "ನಮ್ಮ ಒಣದ್ರಾಕ್ಷಿ ಶೆಡ್ಡಿನ ಕ್ಯಾಮೆರಾ ಪೆಟ್ಟಿಗೆಯೂ ಕರೆಂಟ್ ಹೋದಾಗಲೆಲ್ಲ ಬಂದ್ ಆಗಿ ಏಳುತ್ತದೆ" ಎಂದರು. "ಇನ್ವರ್ಟರ್ ಕೆಟ್ಟಿದೆ ಎಂದು ಎರಡು ಸಲ ರಿಪೇರಿಗೆ ಕೊಟ್ಟೆ. ಆ ಸ್ವಿಚ್ ಎಲ್ಲಿರುತ್ತದೆ, ತೋರಿಸು."

ಇಬ್ಬರೂ ಎದ್ದು ಇನ್ವರ್ಟರಿನ ಹಿಂದೆ ಬಗ್ಗಿದೆವು. ನಾನು ಮೊಬೈಲಿನ ಬೆಳಕು ಹಿಡಿದೆ, ಕಾಕಾ ಕನ್ನಡಕ ಹುಡುಕತೊಡಗಿದರು.